ಪೊಟರೆಯೊಳಗೆ ಬುಸ್ ಅಂದದ್ದು

೫ ಮಾರ್ಚ್ ೧೯೬೩, ಮಂಗಳವಾರ

ಇವತ್ತೂ ಅದೇ. ಇವರು ಮುಖ ತೊಳೆಯುವಷ್ಟರಲ್ಲಿ ಯಶವಂತಪುರದ ಕಡೆಯ ಮೊದಲ ಬಸ್ಸು ಬಂದು ನಿಂತಿತು. ದಿಲ್ಶಾದ್ ಇಳಿದಳು. ಹಸಿರು ಸೀರೆ. ನಿನ್ನೆ ನೀಲಿ. ಇವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು, ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟೇಬಿಟ್ಟರು. ಮದುವೆಯಾಗಿ ಮೂರು ವರ್ಷ, ನನ್ನ ಕಾಫಿ ಅರ್ಧಕ್ಕೆ ಬಿಟ್ಟವರಲ್ಲ.

ಅಡುಗೆಮನೆ ಕಿಟಕಿಯಿಂದ ತೋಪು ಪೂರ್ತಿ ಕಾಣುತ್ತದೆ. ಅರಳಿಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು, ಪಕ್ಕದಲ್ಲಿ ಆ ಮುದಿ ಬೇವು. ಬೇವಿನ ಕಾಂಡದಲ್ಲಿ ಕೈಯೆತ್ತಿದರೆ ಎಟುಕುವಷ್ಟು ಎತ್ತರಕ್ಕೆ ಒಂದು ಪೊಟರೆ. ಅದರಲ್ಲಿ ಯಾವುದೋ ಹಕ್ಕಿ ಸಂಸಾರ ಹೂಡಿದೆಯಂತೆ. ಅದರ ಮೇಲೆ ಇವರ ಥೀಸಿಸ್ಸು. ಸಹಾಯಕ್ಕೆ ಅಂತ ಕಾಲೇಜಿನವರು ಕೊಟ್ಟಿರುವ ಅಸಿಸ್ಟೆಂಟು ಇವಳು. ಗಂಡಸರಿಗೆ ಅಷ್ಟೊಂದು ಬರ ಬಂದಿತ್ತೇ ಕಾಲೇಜಿನಲ್ಲಿ?

ಕಟ್ಟೆಯ ಅಂಚಿನಲ್ಲಿ ಇಬ್ಬರೂ ಕೂರುತ್ತಾರೆ. ಅವರು ಹಕ್ಕಿ ನೋಡುತ್ತಾರೆ. ನಾನು ಅವರನ್ನು ನೋಡುತ್ತೇನೆ. ಸಾರು ಸೀದುಹೋಯಿತು. ಇವರಿಗೆ ಗೊತ್ತೇ ಆಗಲಿಲ್ಲ, ಉಂಡು ಎದ್ದರು.

೭ ಮಾರ್ಚ್, ಗುರುವಾರ

ಊಟಕ್ಕೆ ಬಡಿಸುತ್ತಾ ಕೇಳಿಯೇ ಬಿಟ್ಟೆ. "ಏನ್ರೀ ಅದು, ಅಷ್ಟೊತ್ತು ನೋಡೋ ಅಂಥದ್ದು?"

ಬಾಯಿ ಬಿಟ್ಟರು. ಚೇಕಡಿ ಅಂತ ಹೆಸರು. ಗುಬ್ಬಿಗಿಂತ ಒಂದು ಕೈ ಸಣ್ಣದು. ಕಪ್ಪು ತಲೆ, ಬಿಳೀ ಕೆನ್ನೆ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಪಟ್ಟೆ. ಗಂಡಿಗೆ ಪಟ್ಟೆ ಅಗಲ, ಹೆಣ್ಣಿಗೆ ಸಪೂರ.

"ಗಂಡು ಟೈ ಕಟ್ಕೊಂಡಿದೆ ಅನ್ಕೋ," ಅಂದರು.

ನಕ್ಕುಬಿಟ್ಟೆ. ಇವರ ಬಾಯಲ್ಲಿ ತಮಾಷೆ ಕೇಳಿ ಎಷ್ಟು ದಿನವಾಗಿತ್ತು! ಆಮೇಲೆ ಅಂದರು, "ಟೈ ಅಂತ ಮೊದ್ಲು ಅಂದಿದ್ದು ದಿಲ್ಶಾದು. ಭಾರಿ ಚುರುಕು ಹುಡುಗಿ." ನಗುವನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಚೇಕಡಿ ತಾನಾಗಿ ಮರ ಕೊರೆಯುವುದಿಲ್ಲವಂತೆ. ಇರುವ ಪೊಟರೆಯನ್ನೇ ಹುಡುಕಿಕೊಳ್ಳಬೇಕು. ಒಳ್ಳೆಯ ಪೊಟರೆ ಸಿಗುವುದು ಕಷ್ಟ, ಕಣ್ಣು ಹಾಕುವವರು ಮಾತ್ರ ಬೇಕಾದಷ್ಟು. ಗೊರವಂಕ, ಗುಬ್ಬಿ, ಅಳಿಲು... ಈ ಬೇವಿನ ಪೊಟರೆಯ ಬಾಯಿ ಚಿಕ್ಕದು, ಗೊರವಂಕ ತೂರಲಾರದು. ಹಾಗಾಗಿ ಇವಕ್ಕೆ ಉಳಿದಿದೆ. ಮೊನ್ನೆ ಬೇರೆ ಒಂದು ಹೆಣ್ಣು ಚೇಕಡಿ ಬಂದು ಇಣುಕಿತಂತೆ. ಮನೆಯ ಹೆಣ್ಣು ಅದನ್ನು ನೆಲಕ್ಕೆ ಕೆಡವಿ, ಮೇಲೆ ಕೂತು ಕುಕ್ಕಿ ಓಡಿಸಿತಂತೆ.

ಸರಿಯಾಗೇ ಮಾಡಿದೆ.

೧೦ ಮಾರ್ಚ್, ಭಾನುವಾರ

ಭಾನುವಾರವೂ ಬಿಡುವಿಲ್ಲ ಅವಳಿಗೆ. ಮನೆಯಲ್ಲಿ ಅಪ್ಪ ಅಮ್ಮ ಕೇಳುವುದಿಲ್ಲವೋ? ಅಪ್ಪ ರೈಲ್ವೆ ಗಾರ್ಡಂತೆ. ಅವನು ರೈಲಿನ ಹಿಂದೆ, ಇವಳು ಹಕ್ಕಿಯ ಹಿಂದೆ.

ಬೆಳಗ್ಗೆ ತಲೆಗೆ ಸ್ನಾನ ಮಾಡಿ ಹಿತ್ತಿಲಲ್ಲಿ ಬಾಚಿಕೊಂಡೆ. ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿ ಒಳಗೆ ಬರುವಷ್ಟರಲ್ಲಿ ಹೆಣ್ಣು ಚೇಕಡಿ ಬಂತು. ಸಪೂರ ಪಟ್ಟೆ, ಅದೇ. ಸಂದಿಗೆ ಕಾಲು ಕೊಟ್ಟು ಎಳೆದು ಎಳೆದು, ಮೀಸೆ ಬಂದ ಹಾಗೆ ಕೊಕ್ಕಿನ ಎರಡೂ ಕಡೆ ನನ್ನ ಕೂದಲು ಇಳಿಬಿಟ್ಟುಕೊಂಡು ಬೇವಿಗೆ ಹಾರಿತು. ನನಗೆ ಯಾಕೋ ಹೆಮ್ಮೆಯಾಯಿತು.

ಮಧ್ಯಾಹ್ನ ಇವರು ಬಂದರು. ಹಲ್ಲು ಡಾಕ್ಟರ ಹತ್ತಿರ ಇರುವಂಥ ಪುಟ್ಟ ಕನ್ನಡಿ, ಟಾರ್ಚು ಬಿಟ್ಟು ಒಳಗೆ ನೋಡಿದರಂತೆ. ಪಾಚಿ, ಆಡಿನ ಕೂದಲು, ಪುಕ್ಕ. ಅದರ ಮೇಲೆ ಉದ್ದನೆಯ ಕರೀ ಕೂದಲು ಬಟ್ಟಲಿನ ಹಾಗೆ ಸುತ್ತಿದೆಯಂತೆ. "ದಿಲ್ಶಾದ್, ಇದು ನಿಮ್ದೇ ಇರ್ಬೇಕು ಅಂದೆ. ನಾಚ್ಕೊಂಡ್‌ಬಿಟ್ಲು," ಅಂತ ನಕ್ಕರು.

ನನ್ನ ಕೂದಲು! ಶೀಗೆಕಾಯಿ ವಾಸನೆ ಇನ್ನೂ ಹೋಗಿರುವುದಿಲ್ಲ ಅದರಲ್ಲಿ. ಹೇಳಲಿಲ್ಲ. ಹೇಳಿ ಪಡೆದುಕೊಳ್ಳುವ ಮರ್ಯಾದೆ ಯಾರಿಗೆ ಬೇಕು?

೧೪ ಮಾರ್ಚ್, ಗುರುವಾರ

ಇವತ್ತು ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ನಾನೇ ಕಟ್ಟೆಗೆ ಹೋದೆ. ನೆಪ ಅಂತ ಇಬ್ಬರಿಗೂ ಗೊತ್ತಾಗಿರಬೇಕು. ಗೊತ್ತಾಗಲಿ.

ಅವಳು ಎದ್ದು ನಿಂತಳು. "ಬನ್ನಿ ಅಕ್ಕಾ, ಕೂತ್ಕೊಳ್ಳಿ." ಸೀರೆಯ ಸೆರಗಿನಲ್ಲಿ ಕಟ್ಟೆಯ ಧೂಳು ಒರೆಸಿದಳು. ಒಂದು ಕೆಟ್ಟ ಮಾತಾದರೂ ಆಡಬಾರದೇ? ಒಂದು ಸಲ ಕಣ್ಣಾದರೂ ತಪ್ಪಿಸಬಾರದೇ? ಮುಖದಲ್ಲಿ ಏನೂ ಇಲ್ಲ. ತೊಳೆದಿಟ್ಟ ತಟ್ಟೆ.

ಇವರು ಅವಳಿಗೆ, "ದಿಲ್ಶಾದ್, ನೀವ್ ನೋಡಿ, ಒಳಗೆ ಹೋಯ್ತು." ನನಗೆ, "ಲೇ, ಅಡ್ಡ ನಿಂತ್ಕೋಬೇಡ."

ನನ್ನನ್ನೂ ಒಂದು ದಿನ 'ನೀವು' ಅನ್ನಲಿ ಅಂತಲ್ಲ. ಹಾಗಂದರೆ ನಾನೇ ನಗುತ್ತೇನೆ. ಆದರೆ ಆ ದನಿ... ಮೆಲ್ಲಗೆ, ಎದುರಿಗಿರುವವರಿಗೆ ಬುದ್ಧಿಯಿದೆ ಎಂದು ನಂಬಿ ಆಡುವ ದನಿ. ಅದು ಮನೆಯೊಳಗೆ ಬರುವಾಗ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ. ನಾನೂ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ತವರು ತಣಿಸಂದ್ರದಲ್ಲಿ ನನ್ನ ವಾರಿಗೆಯ ಹುಡುಗಿಯರಲ್ಲಿ ನಾನೊಬ್ಬಳೇ.

೧೯ ಮಾರ್ಚ್, ಮಂಗಳವಾರ

ಮೊಟ್ಟೆ ಇಟ್ಟು ಕಾವಿಗೆ ಕೂತಿದೆ. ಕೂರುವುದು ಹೆಣ್ಣು ಮಾತ್ರ. ಗಂಡು ಹುಳ ತಂದು ತಂದು ಪೊಟರೆಯ ಬಾಯಲ್ಲಿ ಕೊಡುತ್ತದಂತೆ. ಹೆಣ್ಣು ಮರಿಯ ಹಾಗೆ ರೆಕ್ಕೆ ನಡುಗಿಸಿ ಕೇಳುತ್ತದಂತೆ. ಇದನ್ನು ನನ್ನ ಗಂಡ ನನಗೆ ವಿವರಿಸಿದ್ದು ತಟ್ಟೆ ಮುಂದೆ ಕೂತು, "ಇನ್ನೊಂದ್ ಸ್ವಲ್ಪ ಪಲ್ಯ ಹಾಕು" ಅನ್ನುತ್ತಾ.

ಇನ್ನೊಂದು ವಿಚಿತ್ರ ಹೇಳಿದರು. ಇವತ್ತು ಕನ್ನಡಿ ಒಳಗೆ ಬಿಟ್ಟ ಕೂಡಲೇ 'ಬುಸ್' ಅಂತಂತೆ! ನಾಗರಹಾವು ಅಂದ ಹಾಗೇ. ಕತ್ತಲೆಯ ಪೊಟರೆಯಲ್ಲಿ ಕಾವು ಕೂತ ಹೆಣ್ಣಿನ ಹತ್ತಿರ ಯಾರಾದರೂ ಬಂದರೆ ಬಾಯಿ ಅಗಲಿಸಿ, ರೆಕ್ಕೆ ಬಡಿದು, ಹಾವಿನ ಹಾಗೆ ಬುಸುಗುಟ್ಟುತ್ತದೆ. ಅಳಿಲು ಗಿಳಿಲು ಹೆದರಿ ಓಡುತ್ತವೆ. ಅಷ್ಟು ಪುಟ್ಟದಕ್ಕೆ ಬೇರೆ ಆಯುಧ ಇಲ್ಲ.

"ನಾನೇ ಬೆಚ್ಚಿ ಸ್ಟೂಲಿಂದ ಬೀಳ್ತಿದ್ದೆ. ಪುಣ್ಯಕ್ಕೆ ದಿಲ್ಶಾದ್ ಕೈ ಹಿಡ್ಕೊಂಡ್ಲು."

ಬುಸ್ ಅಂದದ್ದಿರಲಿ. ಕೈ ಹಿಡಿದುಕೊಂಡಳಂತೆ. ಎಷ್ಟು ಸಲೀಸಾಗಿ ಹೇಳಿದರು! ಬಚ್ಚಿಟ್ಟಿದ್ದರೆ ವಾಸಿಯಿತ್ತು. ಬಚ್ಚಿಟ್ಟರೆ ನನಗೆ ಹೆದರುತ್ತಾರೆ ಅಂತಲಾದರೂ ಆಗುತ್ತಿತ್ತು.

೨೨ ಮಾರ್ಚ್, ಶುಕ್ರವಾರ

ಏನು ಮಾಡಿದೆ ಅಂತ ಬರೆದುಬಿಡುತ್ತೇನೆ. ಇಲ್ಲಿ ಅಲ್ಲದೆ ಇನ್ನೆಲ್ಲಿ?

ಹತ್ತು ಗಂಟೆಗೆ ಪಕ್ಕದ ಮನೆ ಪಟಾಲಮ್ಮಜ್ಜಿ ಏದುಸಿರು ಬಿಡುತ್ತಾ ಬಂದಳು. ನಾಗರಕಲ್ಲಿಗೆ ಅರಿಸಿನ ಹಚ್ಚಲು ಹೋದವಳು ಆಯ ತಪ್ಪಿ ಬೇವನ್ನು ಹಿಡಿದುಕೊಂಡಳಂತೆ. ಪೊಟರೆಯ ಒಳಗಿನಿಂದ ಬುಸ್!

"ಆವು ಕಣವ್ವ! ಇಷ್ಟು ವರ್ಸ ಕಲ್ಲಾಗಿದ್ದೋನು ಜೀವ ತುಂಬ್ಕೊಂಡು ಬಂದವ್ನೆ. ನಿನ್ ಗಂಡ ಓದ್ದೋನು, ದಿನಾ ಅಲ್ಲೇ ಕುಂತಿರ್ತಾನೆ. ಏನಂತಾನೆ?"

'ಹಕ್ಕಿ, ಅಜ್ಜಿ' ಅನ್ನಬೇಕಿತ್ತು. ಎರಡು ಮಾತು. ನಾಲಿಗೆಯ ತುದಿಯಲ್ಲೇ ಇತ್ತು. ಕಿಟಕಿಯಿಂದ ನೋಡಿದೆ. ತೋಪಿನ ಆಚೆ ತುದಿಯಲ್ಲಿ ದಿಲ್ಶಾದ್ ಏನೋ ತೋರಿಸುತ್ತಿದ್ದಳು, ಇವರು ದುರ್ಬೀನನ್ನು ಕೊರಳಿನಿಂದ ತೆಗೆಯದೆ ಹಾಗೇ ಅವಳ ಕಣ್ಣಿಗೆ ಹಿಡಿಯುತ್ತಿದ್ದರು. ಆ ದುರ್ಬೀನಿನ ಪಟ್ಟಿ ಎಷ್ಟು ಗಿಡ್ಡ ಅಂತ ನನಗೆ ಗೊತ್ತು.

"ನಮ್ಮನೆಯವರಿಗೂ ಕೇಳ್ಸಿದೆ ಅಜ್ಜಿ. ಬುಸ್ ಅಂತಂತೆ. ಹೆದ್ರಿ ಸ್ಟೂಲಿಂದ ಬೀಳೋದ್ರಲ್ಲಿದ್ರು," ಅಂದೆ. ಇಷ್ಟರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಆಮೇಲೆ ಇನ್ನೊಂದು ಮಾತು ಸೇರಿಸಿದೆ. "ಆ ಹುಡುಗಿ ಚಪ್ಪಲಿ ಹಾಕ್ಕೊಂಡು ಕಟ್ಟೆ ಮೇಲೆ ಕೂರ್ತಾಳಲ್ಲ, ಅದಕ್ಕೇ ಸಿಟ್ಟು ಬಂದಿದೆಯೋ ಏನೋ."

ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ಹೊರಟಳು. ಸಂಜೆಯೊಳಗೆ ಊರೆಲ್ಲಾ ಗೊತ್ತು.

೨೪ ಮಾರ್ಚ್, ಭಾನುವಾರ

ಬೇವಿಗೆ ಅರಿಸಿನದ ನೂಲು ಸುತ್ತಿದ್ದಾರೆ. ಕಾಂಡಕ್ಕೆ ಕುಂಕುಮ. ಹೆಂಗಸರೆಲ್ಲಾ ಸೇರಿದ್ದರು, ನಾನೂ ತಟ್ಟೆ ಹಿಡಿದು ನಿಂತಿದ್ದೆ. ಇವರೂ ಅವಳೂ ಬಂದದ್ದು ಆಗ.

ಪಟಾಲಮ್ಮಜ್ಜಿ ಮೆತ್ತಗೇ ಹೇಳಿದಳು. "ನೋಡು ಮಗ, ಇಲ್ಲಿ ನಾಗಪ್ಪ ಬಂದವ್ನೆ. ನೀನು ಇನ್ಮ್ಯಾಕೆ ಬರ್ಬ್ಯಾಡ."

ಹಿಂದಿನ ಬೀದಿಯ ಮುನಿಶಾಮಮ್ಮನಿಗೆ ಮೆತ್ತಗೆ ಹೇಳಿ ಗೊತ್ತಿಲ್ಲ. "ಸಾಬರ ಉಡ್ಗಿ ಕೆರ ಆಕ್ಕೊಂಡು ಕಟ್ಟೆ ಮ್ಯಾಲೆ ಕುಂತ್ರೆ ದೇವ್ರು ಸುಮ್ಕಿರ್ತಾನಾ? ಎದ್ ನಡಿಯಮ್ಮ!"

ನಾನು ಚಪ್ಪಲಿ ಅಂದಿದ್ದೆ. ಅಷ್ಟೇ ಅಂದಿದ್ದೆ. ಆದರೆ ಮುನಿಶಾಮಮ್ಮನ ಬಾಯಲ್ಲಿ ಅದು ಏನಾಗುತ್ತದೆ ಅಂತ ನನಗೆ ತಿಳಿದಿರಲಿಲ್ಲವೇ?

ಇವರು ನಡುವೆ ಬಂದರು. "ಅಮ್ಮ, ಅಜ್ಜಿ, ಅದು ಹಾವಲ್ಲ. ಪುಟ್ಟ ಹಕ್ಕಿ. ಆ ಹಕ್ಕಿನೇ ಹಂಗೆ ಬುಸ್ ಅನ್ನೋದು."

"ಹಕ್ಕಿ ಎಲ್ಲಾದ್ರೂ ಬುಸ್ ಅಂತದಾ? ಓದಿ ಓದಿ ತಲೆ ಕೆಟ್ಟೈತೆ ನಿಂಗೆ. ಬೇಕಾದ್ರೆ ನಿನ್ ಎಂಡ್ರುನ್ನೇ ಕೇಳು!" ಅಂದಳು ಮುನಿಶಾಮಮ್ಮ.

ಎಲ್ಲರೂ ನನ್ನನ್ನು ನೋಡಿದರು. ಇವರೂ ನೋಡಿದರು. ಮೊದಲ ಸಲ, ನನ್ನಿಂದ ಏನೋ ಬೇಕಾದವರ ಹಾಗೆ ನೋಡಿದರು. ನಾನು ತಟ್ಟೆಯಲ್ಲಿದ್ದ ಹೂವು ನೋಡಿದೆ.

ಅವಳು ಜಗಳ ಆಡಲಿಲ್ಲ. ಅಳಲೂ ಇಲ್ಲ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ತೋಪು ದಾಟಿದಳು. ರಸ್ತೆ ಸೇರುವವರೆಗೂ ಹಾಕಿಕೊಳ್ಳಲಿಲ್ಲ. ಮುಳ್ಳು ಜಾಸ್ತಿ ಆ ದಾರಿಯಲ್ಲಿ.

ಇವರಿಗೂ ಅಪ್ಪಣೆಯಾಯಿತು. ಕನ್ನಡಿ, ಸ್ಟೂಲು ತರಕೂಡದು, ಮರದ ಹತ್ತಿರವೂ ಸುಳಿಯಕೂಡದು.

ಗೆದ್ದೆ. ಊಟ ಸೇರಲಿಲ್ಲ.

೨೭ ಮಾರ್ಚ್, ಬುಧವಾರ

ನಿನ್ನೆ ಯುಗಾದಿ. ಒಬ್ಬಟ್ಟು ಮೆತ್ತಗೆ ಬಂದಿತ್ತು. ಒಂದು ತಿಂದು ಸಾಕೆಂದರು. ಹೊಸ ಪಂಚೆ ಉಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಗಂಡ ಮನೆಯಲ್ಲೇ ಇರಲಿ ಅಂತ ತಾನೇ ಆಸೆಪಟ್ಟದ್ದು? ಇದ್ದಾರೆ. ಸಾಮಾನು ಇದ್ದ ಹಾಗೆ ಇದ್ದಾರೆ.

ಇವತ್ತು ಬೇಗ ಕಾಲೇಜಿಗೆ ಹೋದರು. ಅವಳೂ ಅಲ್ಲೇ ಇರುತ್ತಾಳೆ. ಲ್ಯಾಬಿನಲ್ಲಿ, ನಾಲ್ಕು ಗೋಡೆಯ ಒಳಗೆ. ಇಷ್ಟು ದಿನ ಕಿಟಕಿಯಿಂದ ಕಾಣುತ್ತಿತ್ತು, ಈಗ ಅದೂ ಇಲ್ಲ. ಎಂಥ ದಡ್ಡಿ ನಾನು! ಕಣ್ಣೆದುರು ಇದ್ದದ್ದನ್ನು ಕಣ್ಮರೆ ಮಾಡಿಕೊಂಡೆ. ಈಗ ಊಹಿಸಿಕೊಳ್ಳುವುದೇ ಕೆಲಸ, ಊಹೆಗೆ ಲಗಾಮಿಲ್ಲ.

ಪಟಾಲಮ್ಮಜ್ಜಿ ಬಂದು ನನ್ನ ಕೈಗೆ ಅರಿಸಿನದ ದಾರ ಕಟ್ಟಿದಳು. "ನಾಗಪ್ಪ ನಿಮ್ಮನೇವ್ರಿಗೇ ಮೊದ್ಲು ದನಿ ಕೊಟ್ಟವ್ನೆ. ಈ ವರ್ಸ ನಿನ್ ಮಡ್ಲು ತುಂಬ್ತಾನೆ, ಬರ್ದಿಟ್ಕೋ." ತಲೆ ಸವರಿದಳು. ನನ್ನ ಅತ್ತೆ ಒಂದು ದಿನವೂ ಹಾಗೆ ಸವರಿದ್ದಿಲ್ಲ. ದಾರವನ್ನು ಬಳೆಗಳ ಹಿಂದಕ್ಕೆ ಸರಿಸಿಕೊಂಡೆ.

೩೦ ಮಾರ್ಚ್, ಶನಿವಾರ

"ಏಯ್ ರಾಮಲಕ್ಷ್ಮಿ, ಇಲ್ಲಿ ಬಾ."

ಹೆಸರು ಹಿಡಿದು ಕರೆದರು. ಒದ್ದೆ ಕೈಯಲ್ಲೇ ಹೋದೆ.

"ನಿನ್ನನ್ನ ಯಾರೂ ತಡೆಯಲ್ಲ ಅಲ್ವಾ ಅಲ್ಲಿ? ಪೂಜೆಗೆ ಹೋದಾಗ ಸ್ವಲ್ಪ ನಿಂತು ನೋಡ್ಕೊಂಡು ಬರ್ತೀಯಾ? ಇಷ್ಟೊತ್ತಿಗೆ ಮರಿ ಆಗಿರ್ಬೇಕು. ಹೆಣ್ಣು ಮೊಟ್ಟೆ ಚಿಪ್ಪು ಹೊರಗೆ ತಗೊಂಡು ಹೋದ್ರೆ ಮರಿ ಆಯ್ತು ಅಂತ ಲೆಕ್ಕ. ಗಂಡು ಏನೇನು ತರುತ್ತೆ ನೋಡು. ಹತ್ತಿರ ಹೋಗ್ಬೇಡ, ಹೆದ್ರುತ್ತೆ."

ಅಷ್ಟು ಉದ್ದದ ಮಾತು ನನ್ನ ಜೊತೆ ಯಾವಾಗ ಆಡಿದ್ದರು? ಬೇಡಿಕೊಳ್ಳುವ ಮುಖ. ಸಂಜೆ ಹೋಗಿ ಊದುಬತ್ತಿ ಹಚ್ಚಿ ಕಟ್ಟೆಯ ಮೇಲೆ ಕೂತೆ, ಅವಳು ಕೂರುತ್ತಿದ್ದ ಜಾಗದಲ್ಲೇ. ಹೆಣ್ಣು ಹೊರಬಂತು. ಕೊಕ್ಕಿನಲ್ಲಿ ಚಿಪ್ಪಿನ ಚೂರು, ಬಿಳಿಯ ಮೇಲೆ ಕೆಂಪು ಚುಕ್ಕೆ. ಓಡಿಬಂದು ಹೇಳಿದೆ. ಇವರು ಮಗುವಿನ ಹಾಗೆ ತೊಡೆ ತಟ್ಟಿಕೊಂಡರು.

೨ ಏಪ್ರಿಲ್, ಮಂಗಳವಾರ

ಬೆಳಗ್ಗೆ ಒಂದು ಸಲ, ಬಿಸಿಲು ತಗ್ಗಿದ ಮೇಲೆ ಒಂದು ಸಲ ಹೋಗುತ್ತೇನೆ. ಈಗ ಗಂಡಿನ ದನಿಯೇ ಬೇರೆ, ಹೆಣ್ಣಿನದೇ ಬೇರೆ ಅಂತ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಗಂಡು ಹೊಂಗೆಯ ಎಲೆ ಮಗುಚಿ ಮಗುಚಿ ಹಸಿರು ಹುಳ ತೆಗೆಯುತ್ತದೆ. ದೊಡ್ಡ ಹುಳವಾದರೆ ಕಾಲಡಿ ಹಿಡಿದು ಕೊಂಬೆಗೆ ಚಚ್ಚಿ, ತಲೆ ಕಿತ್ತು ಕೊಡುತ್ತದೆ. ಮರಿಗಳ ಹೇಲನ್ನು ಬಿಳೀ ಪೊಟ್ಟಣದ ಹಾಗೆ ಕೊಕ್ಕಿನಲ್ಲಿ ಹಿಡಿದು ದೂರ ಎಸೆದು ಬರುತ್ತವೆ, ಗಂಡೂ ಕೂಡ! ಅದನ್ನು ಇವರಿಗೆ ಒತ್ತಿ ಹೇಳಿದೆ.

"ಭಲೇ!" ಅಂದರು. "ತಲೆ ಕೀಳೋದನ್ನ ನಾನು ನೋಡೇ ಇರ್ಲಿಲ್ಲ. ಸರಿಯಾಗಿ ಹೇಳು, ಕೊಂಬೆಗೆ ಚಚ್ಚೋದು ಮೊದ್ಲೋ, ತಲೆ ಕೀಳೋದು ಮೊದ್ಲೋ?"

ಇವರ ಕೈ ತಟ್ಟೆಯಲ್ಲೇ ಒಣಗಿತು. ನಾನು ಹೇಳುತ್ತಿದ್ದೆ, ಇವರು ಕೇಳುತ್ತಿದ್ದರು. ಆ ದನಿ, ಮೆಲ್ಲಗಿನ ದನಿ, ನನ್ನ ಜೊತೆ. ಊಟವಾದ ಮೇಲೆ ನಾನು ಉಣ್ಣುವವರೆಗೂ ಅಲ್ಲೇ ಕೂತು ಮಾತಾಡಿದರು. ಮುದ್ದೆ ಮುರಿಯುವುದನ್ನೇ ಮರೆತು ಕೂತಿದ್ದೆ. ಇದಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿಯೂ ಇದ್ದೇನೆ.

೩ ಏಪ್ರಿಲ್, ಬುಧವಾರ

ಸುಖ ಒಂದು ದಿನ ಬಾಳಿತು.

"ನೀನು ಹೇಳಿದ್ದಕ್ಕೆ ದಿಲ್ಶಾದ್ ಒಂದು ಪ್ರಶ್ನೆ ಕೇಳಿದಾಳೆ," ಅಂದರು. "ಹುಳದ ತಲೆ ಕೀಳೋದು ಗಂಡು ಮಾತ್ರಾನೋ, ಹೆಣ್ಣೂ ಕೀಳುತ್ತೋ ಅಂತ."

"ಅವಳಿಗೆ ಹೇಳಿದ್ರಾ?"

"ಮತ್ತೆ? ಮರಿಗೆ ಉಣಿಸೋದನ್ನ ಬರ್ಕೊಳ್ಳೋ ಭಾಗ ಅವಳದೇ ಅಲ್ವಾ? ನಿನ್ನ ಕಣ್ಣು ಭಾರಿ ಚೂಪು ಅಂದ್ಲು. ಖುಷಿಪಟ್ಲು, ಪಾಪ."

ಅಂದರೆ ನಾನು ಇಲ್ಲಿ ಬಿಸಿಲಲ್ಲಿ ಕೂತು ಆರಿಸಿದ್ದನ್ನು ಇವರು ಅಲ್ಲಿಗೆ ಒಯ್ದು ಬಡಿಸುತ್ತಿದ್ದಾರೆ. ನಿನ್ನೆಯ ಆ ದನಿಯೂ ನನಗಲ್ಲ. ಅವಳಿಗೆ ಒಯ್ಯಬೇಕಾದ ಬುತ್ತಿ ಚೆನ್ನಾಗಿ ಕಟ್ಟಲಿ ಅಂತ.

ನಾಳೆಯಿಂದ ಸುಳ್ಳು ಹೇಳುತ್ತೇನೆ. ಗಂಡು ಬೇವಿನಹಣ್ಣು ತಂದಿತು ಅನ್ನುತ್ತೇನೆ. ಹೆಣ್ಣು ಹಾಡು ಹೇಳಿತು ಅನ್ನುತ್ತೇನೆ. ಬರೆದುಕೊಳ್ಳಲಿ, ಥೀಸಿಸ್ಸು ಮಾಡಿಕೊಳ್ಳಲಿ.

೪ ಏಪ್ರಿಲ್, ಗುರುವಾರ, ಸಂಜೆ

ಸುಳ್ಳು ಹೇಳಲು ಆಗಲಿಲ್ಲ. ಹೆಣ್ಣೂ ತಲೆ ಕೀಳುತ್ತದೆ. ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ. ಆ ಹಕ್ಕಿ ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ನಾನು ಹೇಗೆ ತಿರುಚಲಿ?

ಈಗ ಬರೆಯಬೇಕಾದದ್ದು ಅದಲ್ಲ. ಪಟಾಲಮ್ಮಜ್ಜಿ ಬಂದಿದ್ದಳು. ನಾಳೆ ಶುಕ್ರವಾರ, ಒಳ್ಳೇ ದಿನವಂತೆ.

"ಒರ್ಗಿಂದ ಪೂಜೆ ಮಾಡಿದ್ದು ಸಾಕು. ನಾಳಿಕ್ಕೆ ಪೊಟ್ರೆ ಒಳಕ್ಕೇ ಆಲು ಉಯ್ಯಾದು ಅಂತ ಅನ್ಕಂಡಿದೀವಿ. ನಾಕೈದು ಮನೆಯಿಂದ ತತ್ತಾರೆ. ಮೊದ್ಲು ಉಯ್ಯಾದು ನೀನೇ ಕಣವ್ವ. ತಲೆಗೆ ನೀರಾಕ್ಕೊಂಡು ಬಾ."

ಪೊಟರೆಯ ಬಾಯಿ ಮೇಲೆ, ಗೂಡು ತಳದಲ್ಲಿ. ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಚೊಂಬಿನ ಹಾಲು ಬೇಡ, ಅವು ಮುಳುಗುವುದಕ್ಕೆ ಒಂದು ಲೋಟ ಸಾಕು.

ಹೇಳಿಬಿಟ್ಟರೆ? ಮರಿ ಉಳಿಯುತ್ತವೆ. ತೋಪು ಮತ್ತೆ ಇವರದಾಗುತ್ತದೆ. ಸೋಮವಾರದ ಮೊದಲ ಬಸ್ಸಿಗೆ ಅವಳು ಬರುತ್ತಾಳೆ. ಕಟ್ಟೆಯ ಅಂಚು, ದುರ್ಬೀನು, ಗಿಡ್ಡ ಪಟ್ಟಿ, ಎಲ್ಲಾ ಮೊದಲಿನ ಹಾಗೆ. ನನ್ನ ಹತ್ತಿರ ಕೇಳುವುದಕ್ಕೆ ಇವರಿಗೆ ಏನೂ ಇರುವುದಿಲ್ಲ. ನಾನು ಮಾಡಿದ್ದೂ ಹೊರಬೀಳುತ್ತದೆ.

ಹೇಳದಿದ್ದರೆ? ಯಾರಿಗೂ ತಿಳಿಯುವುದಿಲ್ಲ. ಊರವರು ಭಕ್ತಿಯಿಂದ ಮಾಡಿದ್ದು. ಇವರು ನಾಲ್ಕು ದಿನ ಸಪ್ಪಗಿರುತ್ತಾರೆ. ಥೀಸಿಸ್ಸು ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಅವಳಿಗೆ ಎಲ್ಲಾದರೂ ಮದುವೆಯಾಗಬಹುದು.

ಎಷ್ಟು ಚೆನ್ನಾಗಿ ಯೋಚನೆ ಮಾಡುತ್ತೇನೆ ನಾನು! ಇವರು ಬಂದರು, ಬಚ್ಚಿಡಬೇಕು ಇದನ್ನು.

೫ ಏಪ್ರಿಲ್, ಶುಕ್ರವಾರ, ಮಧ್ಯಾಹ್ನ

ಬೆರಳ ತುದಿ ಇನ್ನೂ ಉರಿಯುತ್ತಿದೆ. ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಇವರು ಕಾಲೇಜಿಗೆ ಹೋದ ಮೇಲೆ ಹೆಂಗಸರು ಸೇರಿದರು. ತಲೆಗೆ ಸ್ನಾನ ಮಾಡಿ ನಾನೂ ಹೋದೆ. ಹೇಳುತ್ತೇನೋ ಇಲ್ಲವೋ ಅಂತ ಕಟ್ಟೆ ಮುಟ್ಟುವವರೆಗೂ ನನಗೆ ಗೊತ್ತಿರಲಿಲ್ಲ. ಪಟಾಲಮ್ಮಜ್ಜಿ ಹಾಲಿನ ಚೊಂಬು ನನ್ನ ಕೈಗೆ ಕೊಟ್ಟಳು. ಬಿಸಿ ಆರಿಸಿದ ಹಾಲು, ಅದಕ್ಕೆ ಒಂದು ಎಸಳು ತುಳಸಿ. ಪೊಟರೆಯ ಹತ್ತಿರ ಹೋದೆ. ಒಳಗೆ ಏನೋ ಸಣ್ಣಗೆ ಮಿಸುಕಾಡಿದ ಸದ್ದು.

ಚೊಂಬನ್ನು ಕೆಳಗಿಟ್ಟೆ. "ಅಜ್ಜಿ, ಇದು ಹಾವಲ್ಲ. ಹಕ್ಕಿ. ಒಳಗೆ ಮರಿ ಇದಾವೆ. ಹಾಲು ಹಾಕಿದ್ರೆ ಸತ್ತೋಗ್ತವೆ."

"ಗಂಡ ಏಳ್ಕೊಟ್ನಾ?" ಅಂದಳು ಮುನಿಶಾಮಮ್ಮ. ಚೊಂಬನ್ನು ತಾನೇ ಎತ್ತಿಕೊಂಡು ಮುಂದೆ ಬಂದಳು.

ನಾನು ಮರಕ್ಕೆ ಅಡ್ಡ ನಿಂತು ಎರಡು ಬೆರಳು ಪೊಟರೆಯ ಒಳಗೆ ಇಟ್ಟೆ.

ಬುಸ್! ಹೆಂಗಸರು ಚೀರಿ ಹಿಂದಕ್ಕೆ ಸರಿದರು. "ಅಯ್ಯಯ್ಯೋ, ಕೈ ತಗಿಯೇ ನನ್ ಕಂದ!" ಅಂತ ಅಜ್ಜಿ ಕೂಗಿಕೊಂಡಳು. ತೆಗೆಯಲಿಲ್ಲ. ಹೆಣ್ಣು ಬೆರಳ ತುದಿಗೆ ಕುಕ್ಕಿತು, ಮತ್ತೆ ಕುಕ್ಕಿತು. ರೆಕ್ಕೆ ಪೊಟರೆಯ ಗೋಡೆಗೆ ಬಡಿಯುವುದು ಗೊತ್ತಾಗುತ್ತಿತ್ತು. ಅಷ್ಟು ಪುಟ್ಟ ಜೀವ, ಅಷ್ಟು ರೋಷ. ತನ್ನದನ್ನು ಕಾಯುವುದಕ್ಕೆ ಅದು ಮಾಡುತ್ತಿದ್ದದ್ದು ಇಷ್ಟೇ. ನನಗೆ ಅದನ್ನು ಕಂಡು ಕೂಡ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಗಂಡು ಬಂತು. ಕೊಕ್ಕಿನಲ್ಲಿ ಹಸಿರು ಹುಳ. ನಮ್ಮನ್ನೆಲ್ಲಾ ನೋಡಿ ಕೊಂಬೆಯ ಮೇಲೆ ಅತ್ತಿತ್ತ ಹಾರಿ ಬೈಯತೊಡಗಿತು. ನಾನು ಕೈ ತೆಗೆದು, ಮುನಿಶಾಮಮ್ಮನನ್ನೂ ಎಳೆದುಕೊಂಡು ಕಟ್ಟೆಯ ಆಚೆ ನಿಂತೆ. ಗಂಡು ಇಳಿದು ಪೊಟರೆಯ ಬಾಯಿಗೆ ಕಚ್ಚಿಕೊಂಡು ಕೂತು ತಲೆ ಒಳಗೆ ಹಾಕಿತು. ಚೀಂ ಚೀಂ ಚೀಂ ಅಂತ ಮರಿಗಳೆಲ್ಲಾ ಒಟ್ಟಿಗೆ ಬಾಯಿ ಮಾಡಿದವು. ಹಾವಿನ ಮರಿ ಹಾಗೆ ಕೂಗುವುದಿಲ್ಲ ಅಂತ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಪಟಾಲಮ್ಮಜ್ಜಿ ನನ್ನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಜ್ಜಿ."

"ನಾನು ಕೇಳಕ್ ಬಂದಾಗ್ಲೂವೇ?"

"ಆಗಲೂ."

ಅಜ್ಜಿ ಬೈಯಲಿಲ್ಲ. ನನ್ನ ಕೈ ಹಿಡಿದು, ತಾನು ಕಟ್ಟಿದ್ದ ದಾರವನ್ನು ತಾನೇ ಬಿಚ್ಚಿಕೊಂಡಳು. "ಆ ಮಗೀನ ನನ್ ಬಾಯಿಂದ ಓಡ್ಸಿದ್ಯಲ್ಲೇ," ಅಂದಳು. ಹಾಲನ್ನು ನಾಗರಕಲ್ಲಿನ ಮೇಲೆ ಹುಯ್ದು ಹೊರಟಳು. ಮುನಿಶಾಮಮ್ಮ ನೆಲಕ್ಕೆ ಉಗಿದಳು. ಉಗಿಯಲಿ, ಅವಳೇನು ಕಡಿಮೆಯೇ?

ಬೇರೆಯವರ ಬಾಯಿಂದ ಕೇಳುವ ಮೊದಲು ಇವರಿಗೆ ನಾನೇ ಹೇಳಬೇಕು. ಬಂದ ಕೂಡಲೇ ಹೇಳುತ್ತೇನೆ. ಎರಡು ಸೀರೆ ಮಡಿಸಿ ಟ್ರಂಕಿನ ಮೇಲೆ ಇಟ್ಟಿದ್ದೇನೆ. ತಣಿಸಂದ್ರಕ್ಕೆ ನಡೆ ಅಂದರೆ ನಡೆದೇ ಹೋಗುತ್ತೇನೆ.

೮ ಏಪ್ರಿಲ್, ಸೋಮವಾರ

ಶುಕ್ರವಾರವೇ ಹೇಳಿದೆ. ಎರಡು ದಿನ ಇದನ್ನು ತೆಗೆಯಲು ಕೈ ಬರಲಿಲ್ಲ.

ಎಲ್ಲಾ ಹೇಳಿದೆ. ಅಜ್ಜಿ ಕೇಳಿದ್ದು, ನಾನು ಅಂದದ್ದು, ಚಪ್ಪಲಿಯ ಮಾತು. ಯಾಕೆ ಅಂದೆ ಅನ್ನುವುದನ್ನೂ ಹೇಳಿದೆ. ನಿಮ್ಮ ಪಕ್ಕದಲ್ಲಿ ಅವಳನ್ನು ನೋಡಲಾರದೆ ಅಂತ, ಬಿಡಿಸಿ ಹೇಳಿದೆ. ಅಳಲಿಲ್ಲ. ಹೊಡೆದರೆ ಹೊಡೆಸಿಕೊಳ್ಳಲು ತಯಾರಾಗಿ ಗೋಡೆಗೆ ಒರಗಿ ನಿಂತಿದ್ದೆ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಮೂರು ವರ್ಷದ್ದೂ ಹೊರಗೆ ಬರುತ್ತಿತ್ತು.

ಇವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ಮರಿಗಳು?" ಅಂದರು.

"ಚೆನ್ನಾಗಿವೆ."

"ತಾಯಿ ವಾಪಸ್ ಬಂತಾ?"

"ಅದು ಹೋಗಲೇ ಇಲ್ಲ."

ಕನ್ನಡಕ ಹಾಕಿಕೊಂಡರು. "ಆಗಿದ್ದು ಆಯ್ತು ಬಿಡು," ಅಂದರು. ನನಗೆ ಜೀವ ಬಂದಂತಾಯಿತು. ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು. ಮೆಲ್ಲಗೆ, ಅದೇ ದನಿಯಲ್ಲಿ, ನನ್ನನ್ನು ನೋಡಿ ಹೇಳಿದರು.

"ಇದನ್ನ ಮಾತ್ರ ದಿಲ್ಶಾದ್‌ಗೆ ಹೇಳ್ಬೇಡ. ಪಾಪ, ತುಂಬಾ ನೊಂದ್ಕೋತಾಳೆ."

ಇವತ್ತು ಮೊದಲ ಬಸ್ಸು ಬಂತು. ಇಳಿದಳು. ಇವರು ರಸ್ತೆಯವರೆಗೂ ಹೋಗಿ ನಿಂತಿದ್ದರು. ಬೇವಿನ ಹತ್ತಿರ ಬಂದಾಗ ಚಪ್ಪಲಿ ಬಿಚ್ಚಿ ದೂರ ಇಟ್ಟಳು, ಯಾರೂ ಹೇಳದೆ. ಕಿಟಕಿ ಕಡೆ ನೋಡಿ ಕೈ ಬೀಸಿದಳು, ಅಕ್ಕಾ ಅಂದಿರಬೇಕು. ನಾನೂ ಕೈ ಎತ್ತಿದೆ.

ನೊಂದುಕೊಳ್ಳುತ್ತಾಳಂತೆ. ಪಾಪವಂತೆ. ಒಂದು ಬೈಗುಳ, ಇವರು ಒಂದೇ ಒಂದು ಬೈದಿದ್ದರೂ ನಾನು ಇವರ ಲೆಕ್ಕದಲ್ಲಿ ಇದ್ದೇನೆ ಅಂತಲಾದರೂ ಆಗುತ್ತಿತ್ತು.